ಸಕ್ಕರೆ ಹೊದ್ದ ಬನ್ನು

ಇಂಗ್ಲೆಂಡಿನ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಬೆರಳಿನಂತೆ ನೀಳವಾದ ಒಂದು ಬಗೆಯ ಬನ್ನನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಒಳಗೆಲ್ಲ ಹತ್ತಿಯಂತೆ ಮೃದು, ಪಕ್ಕಗಳು ತಿಳಿಗಂದು, ನೆತ್ತಿಯ ಮೇಲೆ ಮಾತ್ರ ಬಿಳಿಯ ಅಥವಾ ತೆಳುಗುಲಾಬಿ ಬಣ್ಣದ, ಹೊಳೆಯುವ ಸಕ್ಕರೆಯ ಲೇಪ. ಇದಕ್ಕೆ ‘ಐಸ್ಡ್ ಬನ್’ ಎಂದು ಹೆಸರು. ಹೆಸರಿನಲ್ಲಿ ಮಂಜುಗಡ್ಡೆಯಿದ್ದರೂ ತಿನಿಸಿನಲ್ಲಿ ಅದರ ಸುಳಿವಿಲ್ಲ. ಒಣಗಿದ ಸಕ್ಕರೆಯ ಲೇಪವು ಹೆಪ್ಪುಗಟ್ಟಿದ ನೀರಿನ ತೆಳುಹಾಳೆಯನ್ನು ಹೋಲುವುದರಿಂದ ‘ಐಸಿಂಗ್’ ಎಂಬ ಮಾತು ಅದಕ್ಕೆ ಅಂಟಿಕೊಂಡಿತು.

ಬಾತ್ ಬನ್, ಚೆಲ್ಸಿ ಬನ್, ಶುಭ ಶುಕ್ರವಾರದ ಶಿಲುಬೆ ಗುರುತಿನ ಬನ್ ಇವೆಲ್ಲ ಇದರ ದಾಯಾದಿಗಳು. ಬೆಂಗಳೂರು ಮೈಸೂರುಗಳ ಅಯ್ಯಂಗಾರ್ ಬೇಕರಿಗಳಲ್ಲಿ ದೊರೆಯುವ ಸಿಹಿ ಬನ್ನನ್ನೂ ಈ ವಂಶವೃಕ್ಷದ ಒಂದು ಕೊಂಬೆಯೆಂದು ಹೇಳಬಹುದು. ಆದರೆ ಮಂಗಳೂರಿನ ‘ಬನ್ಸ್’ ಇದಕ್ಕೆ ಸೇರಿದುದಲ್ಲ. ಬಾಳೆಯ ಹಣ್ಣು, ಮೊಸರು, ಮೈದಾಗಳನ್ನು ಕಲಸಿ ಎಣ್ಣೆಯಲ್ಲಿ ಕರಿದ ಆ ರುಚಿಕರವಾದ ತಿನಿಸು ಪೂರಿಯ ಬಳಗದ್ದು. ಹೆಸರೊಂದನ್ನು ಮಾತ್ರ ಬೇಕರಿಯಿಂದ ಕಡ ತಂದಿದೆ.

ಇಷ್ಟು ಸಾಮಾನ್ಯವಾದ ತಿನಿಸಿನಲ್ಲಿ ವಿಜ್ಞಾನಕ್ಕೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಬೇಕರಿಯವನನ್ನು ವಿಚಾರಿಸಿದರೆ ತಿಳಿಯುತ್ತದೆ: ಬನ್ನನ್ನು ಬನ್ನಾಗಿಸುವ ಸಕ್ಕರೆಯೇ ಅದನ್ನು ತಯಾರಿಸುವವನಿಗೆ ಹೆಜ್ಜೆಹೆಜ್ಜೆಗೂ ತೊಡಕನ್ನೊಡ್ಡುತ್ತದೆ. ಒಳಗೆ ಸೇರಿದ ಸಕ್ಕರೆ ಹಿಟ್ಟು ಉಬ್ಬದಂತೆ ತಡೆಯುತ್ತದೆ. ಹೊರಗೆ ಹಚ್ಚಿದ ಸಕ್ಕರೆ ಕರಗಿ ಹರಿಯಲು ಹವಣಿಸುತ್ತದೆ.

ಮೊದಲು ಹಿಟ್ಟಿನ ಸಂಗತಿಯನ್ನು ನೋಡೋಣ. ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಎಂಬ ಏಕಕೋಶಜೀವಿ. ಇದು ಅಣಬೆಯ ವರ್ಗಕ್ಕೆ ಸೇರಿದುದು. ಒಂದೊಂದು ಕೋಶದ ಅಗಲ ಮಿಲಿಮೀಟರಿನ ಸಾವಿರದ ಐದರಿಂದ ಹತ್ತು ಭಾಗ ಮಾತ್ರ. ಇದನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡವನು ಹಾಲೆಂಡಿನ ಲೇವನ್‌ಹುಕ್, ಅದು ೧೬೮೦ರಲ್ಲಿ. ಆದರೆ ತಾನು ಕಂಡ ಗುಂಡುಗಳು ಜೀವಿಗಳೆಂದು ಆತನಿಗೆ ಹೊಳೆಯಲಿಲ್ಲ. ಒಂದೂವರೆ ಶತಮಾನ ಕಳೆದ ಮೇಲೆ, ೧೮೩೭ರ ಸುಮಾರಿಗೆ, ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯೂಟ್ಸಿಂಗ್ ಈ ಮೂವರು ಬೇರೆಬೇರೆಯಾಗಿ ಯೀಸ್ಟ್ ಬೆಳೆಯುವ, ಮೊಗ್ಗೊಡೆಯುವ ಜೀವಿಯೆಂದು ಸಾರಿದರು. ರಸಾಯನಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ೧೮೩೯ರಲ್ಲಿ ಲೀಬಿಗ್ ಮತ್ತು ವೋಲರ್ ತಮ್ಮ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ವಿಡಂಬನೆಯನ್ನು ಅಚ್ಚುಹಾಕಿದರು. ಭಟ್ಟಿಪಾತ್ರೆಯ ಆಕಾರದ ಪುಟ್ಟ ಪ್ರಾಣಿಗಳು ಸಕ್ಕರೆಯನ್ನು ನುಂಗಿ, ಒಂದು ದ್ವಾರದಿಂದ ಮದ್ಯಸಾರವನ್ನೂ ಇನ್ನೊಂದರಿಂದ ಅನಿಲವನ್ನೂ ವಿಸರ್ಜಿಸುತ್ತವೆಯೆಂದು ಅದರಲ್ಲಿ ಅಣಕವಾಡಿದ್ದರು. ಹಾಸ್ಯಕ್ಕಾಗಿ ಬರೆದುದು ಸತ್ಯಕ್ಕೆ ಎಷ್ಟು ಸಮೀಪವಾಗಿತ್ತೆಂಬುದನ್ನು ಪಾಶ್ಚರನ ಪ್ರಯೋಗಗಳು ಮುಂದಿನ ಎರಡು ದಶಕಗಳೊಳಗಾಗಿ ತೋರಿಸಿಕೊಟ್ಟವು. ಆದರೂ ರಸಾಯನಶಾಸ್ತ್ರಜ್ಞರದು ಪೂರ್ತಿ ಸೋಲಲ್ಲ. ೧೮೯೭ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿದಾಗ, ಜೀವಕೋಶವೊಂದೂ ಇಲ್ಲದ ಆ ರಸವೂ ಸಕ್ಕರೆಯನ್ನು ಹುದುಗೆಬ್ಬಿಸಿತು. ಕೋಶದೊಳಗಿನ ರಾಸಾಯನಿಕ ವಸ್ತುಗಳೇ ಕೆಲಸಗಾರರೆಂದು ಇದರಿಂದ ಸಿದ್ಧವಾಯಿತು. ಬುಕ್ನರನಿಗೆ ೧೯೦೭ರ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ಒಂದು ಮಾತಿನ ವಿಚಾರ. ಈ ಕೆಲಸಗಾರ ವಸ್ತುಗಳನ್ನು ಪಾಶ್ಚಾತ್ಯರು ‘ಎನ್ಜೈಮ್’ ಎನ್ನುತ್ತಾರೆ. ಗ್ರೀಕ್ ಮೂಲದ ಆ ಪದಕ್ಕೆ ‘ಯೀಸ್ಟಿನೊಳಗಿರುವುದು’ ಎಂದು ಅರ್ಥ. ಕನ್ನಡದಲ್ಲಿ ನಾವು ‘ಕಿಣ್ವ’ ಎನ್ನುತ್ತೇವೆ. ಸಂಸ್ಕೃತದ ಹಳೆಯ ಗ್ರಂಥಗಳಲ್ಲಿ ಕಿಣ್ವವೆಂದರೆ ಮದ್ಯವನ್ನು ಹುದುಗೆಬ್ಬಿಸಲು ಬೆರೆಸುತ್ತಿದ್ದ ಪದಾರ್ಥ. ಎರಡು ಭಾಷೆಗಳ ಪದಗಳೂ ಒಂದೇ ಗಡಿಗೆಯಿಂದ ಹೊರಬಂದಿರುವುದು ಸ್ವಾರಸ್ಯದ ಸಂಗತಿಯಲ್ಲವೆ?

ಯೀಸ್ಟ್ ಗ್ಲೂಕೋಸಿನ ಒಂದು ಅಣುವನ್ನು ಸೀಳಿ ಮದ್ಯಸಾರದ ಎರಡು ಅಣುಗಳನ್ನೂ ಇಂಗಾಲಾಮ್ಲ, ಎಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದ ಎರಡು ಅಣುಗಳನ್ನೂ ಹುಟ್ಟಿಸುತ್ತದೆ. ಲೆಕ್ಕ ಹಾಕಿದರೆ ಒಂದೇ ಒಂದು ಗ್ರಾಂ ಗ್ಲೂಕೋಸಿನಿಂದ ಸುಮಾರು ಕಾಲು ಲೀಟರು ಅನಿಲ ಬರುತ್ತದೆ. ಮದ್ಯಸಾರ ಒಲೆಯ ಕಾವಿನಲ್ಲಿ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಅನಿಲವನ್ನು ಹಿಡಿದಿಡಲು ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಗೋಧಿಯ ಹಿಟ್ಟನ್ನು ನೀರಿನಲ್ಲಿ ಕಲಸಿ, ಮುದ್ದೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಸುಕುತ್ತಿದ್ದರೆ ಬಿಳಿಯ ಪಿಷ್ಟವೆಲ್ಲ ತೊಳೆದುಹೋಗಿ, ರಬ್ಬರಿನಂಥ ಒಂದು ಗಂಟು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೊನ್ಯ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ೧೭೨೮ರಲ್ಲಿಯೇ ಇದನ್ನು ಮಾಡಿ ತೋರಿಸಿದನು. ನಾದಿದಷ್ಟೂ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೂನಿನ ಪೊರೆಯಂತೆ ಹಿಗ್ಗುತ್ತವೆ. ರಾಗಿಯಲ್ಲಿ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದ ಕಾರಣ ಅವುಗಳ ಹಿಟ್ಟಿನಿಂದ ಇಂಥ ಬನ್ನಾಗದು.

ಸಕ್ಕರೆ ಯೀಸ್ಟಿಗೆ ಆಹಾರವಾದರೆ, ಹೆಚ್ಚು ಸಕ್ಕರೆ ಹಾಕಿದಷ್ಟೂ ಹಿಟ್ಟು ಹೆಚ್ಚು ಉಬ್ಬಬೇಕಲ್ಲವೆ? ಹಾಗಾಗುವುದಿಲ್ಲ. ಮಾವಿನಕಾಯಿಯ ಹೋಳುಗಳಿಗೆ ಉಪ್ಪನ್ನು ಬೆರೆಸಿಟ್ಟರೆ ಮರುದಿನ ಜಾಡಿಯ ತುಂಬ ನೀರು ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಹೋಳುಗಳು ಮುರುಟಿರುತ್ತವೆ. ಕೋಶದ ಹೊರಗಿನ ದ್ರಾವಣ ಒಳಗಿನದಕ್ಕಿಂತ ಗಾಢವಾಗಿದ್ದರೆ ನೀರು ಕೋಶದ ಪೊರೆಯನ್ನು ದಾಟಿ ಹೊರಕ್ಕೆ ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಸಿಹಿ ಬನ್ನಿನ ಹಿಟ್ಟಿನಲ್ಲಿ ನೂರು ಗ್ರಾಂ ಮೈದಾಕ್ಕೆ ಹದಿನೈದು ಇಪ್ಪತ್ತು ಗ್ರಾಂ ಸಕ್ಕರೆಯಿರುತ್ತದೆ. ನೀರಾದರೋ ಐವತ್ತು ಗ್ರಾಂನಷ್ಟು. ಎಂದರೆ ಯೀಸ್ಟಿನ ಕೋಶಗಳು ಮೂರು ಪಾಲು ನೀರಿಗೆ ಒಂದು ಪಾಲು ಸಕ್ಕರೆಯಿರುವ ಪಾನಕದಲ್ಲಿ ಮುಳುಗಿರುತ್ತವೆ. ಅವುಗಳ ಮೈಯ ನೀರು ಸೋರಿಹೋಗುತ್ತದೆ. ಇಷ್ಟೇ ಅಲ್ಲ, ಯೀಸ್ಟ್ ತನ್ನ ಕೋಶದ ಹೊರಮೈಯಲ್ಲಿ ಇಟ್ಟುಕೊಂಡಿರುವ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯ ಪ್ರತಿಯೊಂದು ಅಣುವನ್ನೂ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಸೀಳುತ್ತದೆ. ಅಭಿಸರಣದ ಬಲ ಅಣುಗಳ ಸಂಖ್ಯೆಯನ್ನು ಅನುಸರಿಸುವುದರಿಂದ ಒತ್ತಡ ಇನ್ನೂ ಏರುತ್ತದೆ. ಪಾಪ, ಈ ಜೀವಿ ತನ್ನ ಊಟವನ್ನು ಸಿದ್ಧಪಡಿಸಿಕೊಳ್ಳುವ ಆತುರದಲ್ಲಿ ತನ್ನ ಸಂಕಟವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ! ಅದು ಒಡನೆಯೇ ಸಾಯುವುದೇನೂ ಇಲ್ಲ. ಗ್ಲಿಸರಿನನ್ನು ತಯಾರಿಸಿ ಒಳಗೆ ತುಂಬಿಕೊಂಡು, ಹೊರಗಿನ ಗಾಢತೆಗೆ ಸರಿದೂಗಿಸಲು ಯತ್ನಿಸುತ್ತದೆ. ಆದರೆ ಇದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟು ಕಾಲವೂ ಹಿಟ್ಟು ಮಂಕಾಗಿ ಕುಳಿತಿರುತ್ತದೆ.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ಸೀಸೆಗಳಲ್ಲಿ ನೂರು ನೂರು ಮಿಲಿಲೀಟರು ಉಗುರುಬೆಚ್ಚಗಿನ ನೀರನ್ನು ತೆಗೆದುಕೊಂಡು, ಒಂದೊಂದಕ್ಕೂ ಒಂದು ಚಹಾಚಮಚ ಒಣ ಯೀಸ್ಟ್ ಬೆರೆಸಿರಿ. ಮೊದಲನೆಯದಕ್ಕೆ ಸಕ್ಕರೆ ಬೇಡ. ಎರಡನೆಯದಕ್ಕೆ ೫ ಗ್ರಾಂ, ಮೂರನೆಯದಕ್ಕೆ ೫೦ ಗ್ರಾಂ ಹಾಕಿರಿ. ಬಾಯಿಗೆ ಬಲೂನು ಬಿಗಿದು ಬೆಚ್ಚಗಿನ ಮೂಲೆಯಲ್ಲಿಡಿ. ಎರಡನೆಯ ಬಲೂನು ತಲೆಯೆತ್ತಿ ನಿಂತಾಗ ಮೂರನೆಯದು ಇನ್ನೂ ಜೋತಾಡುತ್ತಿರುತ್ತದೆ.

ಬೇಕರಿಯವರು ಅಭಿಸರಣದ ಹೆಸರನ್ನು ಕೇಳುವುದಕ್ಕೆ ಎಷ್ಟೋ ಮೊದಲೇ ಈ ತೊಡಕಿಗೆ ಉಪಾಯವನ್ನು ಕಂಡುಕೊಂಡಿದ್ದರು. ಯೀಸ್ಟು, ಬೆಚ್ಚಗಿನ ಹಾಲು ಅಥವಾ ನೀರು, ಒಂದು ಹಿಡಿ ಮೈದಾ, ಚಿಟಿಕೆ ಸಕ್ಕರೆ ಇಷ್ಟನ್ನು ಮೊದಲು ತೆಳ್ಳಗೆ ಕಲಸಿ ಮುಚ್ಚಿಡುತ್ತಾರೆ. ಅದು ನೊರೆಗಟ್ಟಿ ಮೇಲೇರಿ, ಮತ್ತೆ ಕುಸಿಯಲು ತೊಡಗಿದಾಗ, ಎಂದರೆ ಯೀಸ್ಟ್ ಪೂರ್ಣ ಬಲದಲ್ಲಿರುವಾಗ, ಉಳಿದ ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆಗಳನ್ನು ಸೇರಿಸಿ ನಾದುತ್ತಾರೆ. ಸಾಮಾನ್ಯ ಬ್ರೆಡ್ಡಿಗಿಂತ ಯೀಸ್ಟನ್ನೂ ಹೆಚ್ಚಾಗಿ ಹಾಕುತ್ತಾರೆ. ಬೆಣ್ಣೆಯನ್ನು ಆದಷ್ಟು ತಡವಾಗಿ ಸೇರಿಸುವುದು ಒಳ್ಳೆಯದು. ಕೊಬ್ಬು ಹಿಟ್ಟಿನ ಕಣಗಳಿಗೆ ಮೊದಲೇ ಸವರಿಕೊಂಡರೆ ಗ್ಲುಟೆನ್ನಿನ ಎಳೆಗಳು ಕೂಡಿಕೊಳ್ಳಲಾರವು.

ಒಲೆಯೊಳಗಿನ ಕಥೆ ಚಿಕ್ಕದು. ಇನ್ನೂರು ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಕಾವಿನಲ್ಲಿ ಹತ್ತು ಹದಿನೈದು ನಿಮಿಷ. ಬನ್ನಿನ ಒಳಗು ೬೦ ಡಿಗ್ರಿಯನ್ನು ಮುಟ್ಟುವ ವೇಳೆಗೆ ಯೀಸ್ಟ್ ಮಡಿಯುತ್ತದೆ. ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಗ್ಲುಟೆನ್ ಗಟ್ಟಿಯಾಗಿ ಗುಳ್ಳೆಗಳ ಗೋಡೆ ನಿಲ್ಲುತ್ತದೆ. ನೀರಿರುವವರೆಗೆ ಒಳಭಾಗ ನೂರು ಡಿಗ್ರಿಯನ್ನು ಮೀರದು. ಒಣಗಿದ ಹೊರಮೈ ಮಾತ್ರ ಮೀರುತ್ತದೆ. ಅಲ್ಲಿ ಸಕ್ಕರೆಗಳೂ ಸಸಾರಜನಕಗಳೂ ಕೂಡಿ ಕಂದುಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುತ್ತವೆ. ೧೯೧೨ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರನ ಹೆಸರಿನಿಂದಲೇ ಈ ಕ್ರಿಯೆ ಪ್ರಸಿದ್ಧವಾಗಿದೆ.

ಇನ್ನು ಲೇಪಕ್ಕೆ ಬರೋಣ. ಈ ಲೇಖಕನ ಮಟ್ಟಿಗೆ ಬನ್ನಿನ ಅತ್ಯಂತ ಕುತೂಹಲಕರವಾದ ಭಾಗ ಇದೇ. ಮನೆಯಲ್ಲಿ ಮಾಡುವವರು ನುಣ್ಣಗೆ ಪುಡಿಮಾಡಿದ ಸಕ್ಕರೆಗೆ ನೀರು ಬೆರೆಸಿ ಹಚ್ಚಿಬಿಡುತ್ತಾರೆ. ನುರಿತ ಬೇಕರಿಗಳಲ್ಲಿ ‘ಫಾಂಡಂಟ್’ ಎಂಬುದನ್ನು ಬಳಸುತ್ತಾರೆ. ಅದು ನಮ್ಮ ಅಡುಗೆಮನೆಗಳ ಸಕ್ಕರೆ ಪಾಕದ ಇನ್ನೊಂದು ಅವತಾರ.

ಇಪ್ಪತ್ತು ಡಿಗ್ರಿ ಉಷ್ಣತೆಯ ನೂರು ಗ್ರಾಂ ನೀರಿನಲ್ಲಿ ಸುಮಾರು ೨೦೦ ಗ್ರಾಂ ಸಕ್ಕರೆ ಕರಗುತ್ತದೆ; ಕುದಿನೀರಿನಲ್ಲಾದರೆ ೪೮೦ ಗ್ರಾಂನಷ್ಟು. ಪಾಕವನ್ನು ಕುದಿಸುತ್ತ ಹೋದಂತೆ ನೀರು ಆವಿಯಾಗಿ ಅದರ ಕುದಿಬಿಂದು ಏರುತ್ತದೆ. ೧೧೫ ಡಿಗ್ರಿಗೆ ಬಂದಾಗ, ಎಂದರೆ ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗುವ ಹದದಲ್ಲಿ, ಅದರಲ್ಲಿ ನೂರಕ್ಕೆ ಸುಮಾರು ೮೫ ಪಾಲು ಸಕ್ಕರೆಯಿರುತ್ತದೆ. ಇದನ್ನು ಅಲುಗಾಡಿಸದೆ ಆರಿಸಿದರೆ, ತಣ್ಣಗಿನ ನೀರು ಹಿಡಿದಿಡಬಲ್ಲದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆಯನ್ನು ಹೊತ್ತ ಅತಿಸಂತೃಪ್ತ ದ್ರಾವಣ ಸಿಗುತ್ತದೆ. ಆ ಹೆಚ್ಚುವರಿ ಸಕ್ಕರೆ ಹರಳಾಗಿ ಹೊರಬರಲೇಬೇಕು. ಹೇಗೆ ಬರುತ್ತದೆ ಎನ್ನುವುದರಲ್ಲಿದೆ ಎಲ್ಲ ಗುಟ್ಟು. ದ್ರಾವಣದಲ್ಲಿ ದಾರವೊಂದನ್ನು ಇಳಿಬಿಟ್ಟು ದಿನಗಟ್ಟಲೆ ಮುಟ್ಟದೆ ಬಿಟ್ಟರೆ ಕೆಲವೇ ಹರಳುಗಳು ಹುಟ್ಟಿ, ನಿಧಾನವಾಗಿ ಬೆಳೆದು ಕಲ್ಲುಸಕ್ಕರೆಯಾಗುತ್ತವೆ. ಅದೇ ದ್ರಾವಣವನ್ನು ೪೦-೪೫ ಡಿಗ್ರಿಗೆ ಆರಿಸಿ, ಕಲ್ಲಿನ ಹಾಸಿನ ಮೇಲೆ ಸುರಿದು, ಮರದ ಹುಟ್ಟಿನಿಂದ ಬಿಡದೆ ಮಗುಚಿದರೆ ಒಮ್ಮೆಗೇ ಕೋಟ್ಯನುಕೋಟಿ ಹರಳುಗಳು ಹುಟ್ಟುತ್ತವೆ. ಸಕ್ಕರೆ ಅವುಗಳಿಗೆಲ್ಲ ಹಂಚಿಹೋಗುವುದರಿಂದ ಯಾವುದೂ ದೊಡ್ಡದಾಗಲಾರದು. ಸ್ಪಷ್ಟವಾಗಿದ್ದ ಪಾಕ ನೋಡನೋಡುತ್ತಿದ್ದಂತೆ ಮಸಕಾಗಿ, ಹಾಲಿನಂತೆ ಬೆಳ್ಳಗಾಗುತ್ತದೆ. ಬಿಳುಪು ಬಣ್ಣದಿಂದ ಬಂದುದಲ್ಲ. ಅಸಂಖ್ಯಾತ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರ ಫಲ. ಸುಮಾರು ೨೫ ಮೈಕ್ರಾನಿಗಿಂತ ಚಿಕ್ಕದಾದ ಹರಳನ್ನು ನಾಲಿಗೆ ಗುರುತಿಸಲಾರದಾದ್ದರಿಂದ ಫಾಂಡಂಟ್ ಬೆಣ್ಣೆಯಂತೆ ನುಣುಪಾಗಿ ತೋರುತ್ತದೆ. ಕಲ್ಲುಸಕ್ಕರೆಗೂ ಇದಕ್ಕೂ ರಸಾಯನದಲ್ಲಿ ಭೇದವೇ ಇಲ್ಲವೆಂದರೆ ನಂಬುವುದು ಕಷ್ಟ.

ಜಾಮೂನಿನ ಪಾಕ ಹರಳುಗಟ್ಟದಿರಲೆಂದು ನಮ್ಮ ಹೆಂಗಸರು ಅದಕ್ಕೆ ನಾಲ್ಕು ಹನಿ ನಿಂಬೆಯ ರಸವನ್ನು ಹಿಂಡುವುದುಂಟು. ಆಮ್ಲವು ಸಕ್ಕರೆಯ ಒಂದಂಶವನ್ನು ಗ್ಲೂಕೋಸ್, ಫ್ರಕ್ಟೋಸುಗಳಾಗಿ ಒಡೆಯುತ್ತದೆ. ಬೇರೆ ಆಕಾರದ ಈ ಅಣುಗಳು ಹರಳಿನ ಸಾಲಿನಲ್ಲಿ ಸರಿಯಾಗಿ ಕೂರದೆ ಅದರ ಬೆಳವಣಿಗೆಗೆ ಅಡ್ಡಿಮಾಡುತ್ತವೆ. ಫಾಂಡಂಟ್ ಮಾಡುವವರೂ ಇದೇ ಉದ್ದೇಶದಿಂದ ಪಾಕಕ್ಕೆ ಗ್ಲೂಕೋಸನ್ನೋ ಟಾರ್ಟರ್ ಲವಣವನ್ನೋ ಸೇರಿಸುತ್ತಾರೆ.

ಲೇಪ ಹಚ್ಚುವಾಗ ಫಾಂಡಂಟನ್ನು ಮೈಯ ಕಾವಿನಷ್ಟು, ಎಂದರೆ ೩೮ ಡಿಗ್ರಿಯ ಹತ್ತಿರ, ಬೆಚ್ಚಗೆ ಮಾಡುತ್ತಾರೆ. ಅಷ್ಟರಲ್ಲಿ ಅದು ಹರಿಯುವಂತಾಗುತ್ತದೆ. ಆತುರಪಟ್ಟು ಇನ್ನಷ್ಟು ಕಾಯಿಸಿದರೆ ಸಣ್ಣ ಹರಳುಗಳು ಕರಗಿಹೋಗಿ, ಆರುವಾಗ ಉಳಿದ ಹರಳುಗಳ ಮೇಲೆಯೇ ಕೂಡಿಕೊಳ್ಳುತ್ತವೆ. ಲೇಪದ ಹೊಳಪು ಅಡಗಿ, ಸುಣ್ಣ ಬಳಿದಂತೆ ಕಾಣುತ್ತದೆ. ಬನ್ನು ಬಿಸಿಯಾಗಿದ್ದರೆ ಇದೇ ಅನಾಹುತ, ಜೊತೆಗೆ ಲೇಪ ಪಕ್ಕಕ್ಕೆ ಜಾರುತ್ತದೆ. ಆದುದರಿಂದ ಬನ್ನು ಪೂರ್ತಿ ಆರುವವರೆಗೆ ಕಾಯದೆ ಗತ್ಯಂತರವಿಲ್ಲ.

ಸಿದ್ಧವಾದ ಬನ್ನನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮರುದಿನ ಲೇಪ ಅಂಟಂಟಾಗಿ ಕರಗಿರುತ್ತದೆ. ಲೇಪದ ಹರಳುಗಳ ನಡುವೆ ಇರುವುದು ಸಂತೃಪ್ತ ಸಕ್ಕರೆಯ ದ್ರಾವಣ. ಅದು ಸುತ್ತಣ ಗಾಳಿಯ ತೇವ ನೂರಕ್ಕೆ ೮೫ರಷ್ಟಿದ್ದಾಗ ಮಾತ್ರ ಸಮತೋಲದಲ್ಲಿರುತ್ತದೆ; ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ, ಕಡಮೆಯಾದರೆ ಬಿಟ್ಟುಕೊಡುತ್ತದೆ. ಬನ್ನಿನ ಒಳಭಾಗ ಇದಕ್ಕಿಂತ ತೇವವುಳ್ಳದ್ದು. ಮುಚ್ಚಿದ ಡಬ್ಬಿಯಲ್ಲಿ ಅಲ್ಲಿನ ನೀರು ಲೇಪಕ್ಕೆ ಏರುತ್ತದೆ: ಕೆಳಗಿನದು ಒಣಗುತ್ತದೆ, ಮೇಲಿನದು ಕರಗುತ್ತದೆ. ಆಷಾಢ ಶ್ರಾವಣಗಳಲ್ಲಿ ನಮ್ಮ ಕರಾವಳಿಯಲ್ಲಿ ಗಾಳಿಯ ತೇವವೇ ಎಷ್ಟೋ ದಿನ ಈ ಮಿತಿಯನ್ನು ಮೀರುತ್ತದೆ. ಆಗ ಅಲ್ಲಿ ಇಂಥ ಲೇಪ ತೆರೆದಿಟ್ಟರೂ ನಿಲ್ಲದು. ಬೂಷ್ಟು ಮಾತ್ರ ಲೇಪದ ಮೇಲೆ ಸುಲಭವಾಗಿ ಹಿಡಿಯುವುದಿಲ್ಲ. ಯೀಸ್ಟನ್ನು ಕಾಡಿದ ಅಭಿಸರಣವೇ ಅದನ್ನೂ ತಡೆಯುತ್ತದೆ.

ಬನ್ನು ಬಿರುಸಾಗುವುದು ಒಣಗುವುದರಿಂದಲೇ ಎಂದು ತಿಳಿಯಬಾರದು. ೧೮೫೨ರಲ್ಲಿ ಫ್ರಾನ್ಸಿನ ಬೂಸೆಂಗೋ ರೊಟ್ಟಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟನು. ತೂಕ ಕಡಮೆಯಾಗಲಿಲ್ಲ, ಆದರೂ ರೊಟ್ಟಿ ಹಳಸಿ ಗಟ್ಟಿಯಾಯಿತು. ಮತ್ತೆ ಬಿಸಿಮಾಡಿದಾಗ ಮೆತ್ತಗಾಯಿತು. ಒಲೆಯಲ್ಲಿ ಉಬ್ಬಿ ಸಡಿಲವಾದ ಪಿಷ್ಟದ ಸರಪಣಿಗಳು ಆರಿದ ಮೇಲೆ ಮೆಲ್ಲಗೆ ಸಾಲುಗೂಡಿ ಹರಳುಗಟ್ಟುವುದೇ ಇದಕ್ಕೆ ಕಾರಣವೆಂದು ಈಗ ತಿಳಿದಿದೆ. ಶೈತ್ಯಪೆಟ್ಟಿಗೆಯ ತಂಪಿನಲ್ಲಿ ಈ ಕೆಲಸ ಬೇಗ ನಡೆಯುವುದರಿಂದ ಬನ್ನನ್ನು ಅಲ್ಲಿಡುವುದು ಅದನ್ನು ಬೇಗ ಮುದಿಮಾಡಿದಂತೆ. ಬರಿಯ ಬನ್ನಾದರೆ ಮರುದಿನ ಕಾಯಿಸಿ ತಿನ್ನಬಹುದು. ಸಕ್ಕರೆ ಹೊದ್ದ ಬನ್ನನ್ನು ಕಾಯಿಸಿದರೆ ಹೊದಿಕೆಯೇ ಉಳಿಯದು! ಅದನ್ನು ಮಾಡಿದ ದಿನವೇ ತಿನ್ನಬೇಕೆಂಬುದು ಬರಿಯ ವ್ಯಾಪಾರದ ಮಾತಲ್ಲ.

ಇಂಥ ಲೇಪ ಬಡವರ ಕೈಗೆಟುಕಿದುದು ತೀರ ಈಚೆಗೆ. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಐದೂವರೆ ತಿಂಗಳಲ್ಲಿ ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಬಾತ್ ಬನ್ನುಗಳು ಮಾರಾಟವಾದವೆಂದು ಲೆಕ್ಕವಿದೆಯಾದರೂ, ಆಗ ಸಕ್ಕರೆಗೆ ತೆರಿಗೆಯಿತ್ತು, ಬೆಲೆ ಹೆಚ್ಚಾಗಿತ್ತು. ಬೆಲೆ ಹೆಚ್ಚಿದ್ದಲ್ಲಿ ಕಲಬೆರಕೆ ತಪ್ಪದು. ಮಿಠಾಯಿಗಳಲ್ಲಿ ಸಕ್ಕರೆಯ ಪಾಲನ್ನು ಕಡಮೆಮಾಡಲು ಜಿಪ್ಸಮ್ಮಿನ ಪುಡಿಯನ್ನು ಬೆರೆಸುತ್ತಿದ್ದರು; ಹಳದಿಗೆ ಸೀಸದ ಕ್ರೋಮೇಟನ್ನು ಬಳಸುತ್ತಿದ್ದರು. ೧೮೫೮ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಆ ಬಿಳಿಯ ಪುಡಿಯ ಬದಲು ಔಷಧದ ಅಂಗಡಿಯಿಂದ ತಪ್ಪಾಗಿ ಬಂದ ಪಾಷಾಣ ಪೆಪ್ಪರ್‌ಮಿಂಟಿನಲ್ಲಿ ಸೇರಿ, ಸುಮಾರು ಇಪ್ಪತ್ತು ಮಂದಿ ಸತ್ತರು. ಇನ್ನೂರು ಮಂದಿ ಕಾಯಿಲೆ ಬಿದ್ದರು. ೧೮೬೦ರಲ್ಲಿ ಬ್ರಿಟನ್ನಿನಲ್ಲಿ ಆಹಾರದ ಕಲಬೆರಕೆಯನ್ನು ತಡೆಯುವ ಶಾಸನ ಹುಟ್ಟಲು ಈ ದುರಂತವೂ ಒಂದು ಕಾರಣ. ೧೮೭೪ರಲ್ಲಿ ಸಕ್ಕರೆಯ ತೆರಿಗೆ ರದ್ದಾಯಿತು.

ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆ ಮತ್ತೆ ದುರ್ಲಭವಾಯಿತು. ೧೯೪೦ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಯ ಪಡಿ ಆರಂಭವಾಯಿತು. ಅದೇ ವರ್ಷದ ಬೇಸಗೆಯಲ್ಲಿ ಕೇಕುಗಳಿಗೆ ಸಕ್ಕರೆಯ ಲೇಪ ಹಚ್ಚುವುದನ್ನೇ ಸರ್ಕಾರ ನಿಷೇಧಿಸಿತು. ಮದುವೆಯ ಕೇಕುಗಳಿಗೆ ರಟ್ಟಿನ ಹುಸಿ ಹೊದಿಕೆಯನ್ನು ತೊಡಿಸಿದ್ದೂ ಉಂಟು. ಸಕ್ಕರೆಯ ಪಡಿ ಮುಗಿದುದು ೧೯೫೩ರ ಸೆಪ್ಟೆಂಬರಿನಲ್ಲಿ. ಒಡನೆಯೇ ಜನ ತಿನ್ನುವ ಸಕ್ಕರೆ, ದಿನಕ್ಕೆ ತಲೆಗೆ ಸುಮಾರು ೪೦ ಗ್ರಾಂ ಇದ್ದದ್ದು, ೮೦ ಗ್ರಾಂಗೆ ಏರಿತು.

ಯಾರೂ ಉದ್ದೇಶಿಸದೆ ನಡೆದ ಈ ಪ್ರಯೋಗದ ಫಲವನ್ನು ೨೦೨೪ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತದೇಯ ಗ್ರಾಚ್ನರ್ ಮತ್ತು ಇಬ್ಬರು ಸಂಗಡಿಗರು ಪ್ರಕಟಿಸಿದರು. ಪಡಿ ಮುಗಿಯುವುದಕ್ಕೆ ಸ್ವಲ್ಪ ಮೊದಲು ಗರ್ಭಸ್ಥರಾದವರನ್ನೂ ಸ್ವಲ್ಪ ಅನಂತರ ಗರ್ಭಸ್ಥರಾದವರನ್ನೂ, ಒಟ್ಟು ಅರವತ್ತು ಸಾವಿರದಷ್ಟು ಮಂದಿಯನ್ನು, ಅವರ ಮಧ್ಯವಯಸ್ಸಿನ ಮತ್ತು ಮುಪ್ಪಿನ ಆರೋಗ್ಯದ ದಾಖಲೆಗಳ ಮೂಲಕ ಅವರು ಹೋಲಿಸಿದರು. ಗರ್ಭದಲ್ಲಿಯೂ ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿಯೂ ಪಡಿಯ ಕಾಲವನ್ನು ಕಂಡವರಲ್ಲಿ ಎರಡನೆಯ ಬಗೆಯ ಸಿಹಿಮೂತ್ರ ರೋಗದ ಸಂಭವ ನೂರಕ್ಕೆ ೩೫ರಷ್ಟೂ, ರಕ್ತದ ಒತ್ತಡದ ಸಂಭವ ೨೦ರಷ್ಟೂ ಕಡಮೆಯಾಗಿತ್ತು. ರೋಗ ಬಂದವರಲ್ಲಿಯೂ ಮೊದಲನೆಯದು ನಾಲ್ಕು ವರ್ಷ, ಎರಡನೆಯದು ಎರಡು ವರ್ಷ ತಡವಾಗಿ ಕಾಣಿಸಿಕೊಂಡಿತು. ಈ ರಕ್ಷಣೆಯ ಮೂರರಲ್ಲೊಂದು ಪಾಲು ಮಗು ಹುಟ್ಟುವುದಕ್ಕೆ ಮೊದಲೇ, ತಾಯಿ ತಿಂದ ಸಕ್ಕರೆಯ ಮಿತಿಯಿಂದಲೇ, ದೊರೆತಿತ್ತು.